ಉಪ್ಪುಗಾಳಿಯ ಊರಿಗೆ ಯಾವ ಹಳೆಯ ಜೇಬುಗಡಿಯಾರ? ಅಮೆರಿಕದ್ದು, ಇಂಗ್ಲೆಂಡಿನದು, ಸ್ವಿಸ್: ಒಂದು ಹೋಲಿಕೆ

ಹಳೆಯ ಕಾಲದ ನಿಖರ ಜೇಬುಗಡಿಯಾರಗಳನ್ನು ಸಂಗ್ರಹಿಸಬೇಕೆಂಬ ಆಸೆ ಹುಟ್ಟಿದವರು ಸಾಮಾನ್ಯವಾಗಿ ಹೆಸರುಗಳಿಂದ ಶುರುಮಾಡುತ್ತಾರೆ. ಅಮೆರಿಕದ ಹ್ಯಾಮಿಲ್ಟನ್ ಮೇಲೋ ಸ್ವಿಸ್ ಲಾಂಜೀನ್ಸ್ ಮೇಲೋ ಎಂದು ಕೇಳುತ್ತಾರೆ. ಇಂಗ್ಲಿಷ್ ಗಡಿಯಾರಕ್ಕೆ ಅಷ್ಟು ಬೆಲೆ ಯಾಕೆ ಎಂದು ಕೇಳುತ್ತಾರೆ. ಮಂಜೇಶ್ವರ, ಕುಂಬಳೆ, ಕಾಸರಗೋಡು, ಬದಿಯಡ್ಕದಂಥ ಊರುಗಳಲ್ಲಿ ವಾಸವಾಗಿರುವವರಿಗೆ ನನ್ನ ಸಲಹೆ ಬೇರೆ. ಹೆಸರನ್ನು ಮೂರನೆಯ ಸ್ಥಾನಕ್ಕೆ ಇಳಿಸಿ. ಮೊದಲು ನೋಡಬೇಕಾದದ್ದು ಒಳಗಿನ ಹೇರ್‌ಸ್ಪ್ರಿಂಗ್ (ಗಡಿಯಾರದ ವೇಗವನ್ನು ಹಿಡಿದಿಡುವ ತೆಳು ಸುರುಳಿ) ಯಾವ ಲೋಹದ್ದು, ಹೊರಗಿನ ಕೇಸು ಎಷ್ಟು ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ ಎಂಬುದನ್ನು. ಆಮೇಲೆ, ಕೆಟ್ಟರೆ ಬಿಡಿಭಾಗ ಸಿಗುತ್ತದೆಯೇ ಎಂಬುದನ್ನು. ಇಷ್ಟು ತೀರ್ಮಾನವಾದ ಮೇಲೆ ಡಯಲ್‌ನ ಮೇಲಿರುವ ಹೆಸರಿಗೆ ಎಷ್ಟು ಬೇಕಾದರೂ ಮನಸೋಲಬಹುದು.

ಇದಕ್ಕೆ ಕಾರಣ ನಮ್ಮ ಹವೆ. ಈ ಗಡಿಯಾರಗಳನ್ನು ಮಾಡಿದವರು ಹೋರಾಡಿದ್ದು ಉಷ್ಣಾಂಶದ ಏರಿಳಿತದ ಜೊತೆ. ಹಿಮ ಬೀಳುವ ಚಳಿಗಾಲದಲ್ಲೂ ಬಿರುಬೇಸಗೆಯಲ್ಲೂ ಗಡಿಯಾರ ಒಂದೇ ವೇಗದಲ್ಲಿ ನಡೆಯಬೇಕೆಂದು ಹಿತ್ತಾಳೆ ಮತ್ತು ಉಕ್ಕನ್ನು ಬೆಸೆದು, ಅಂಚನ್ನು ಸೀಳಿದ ಬ್ಯಾಲೆನ್ಸ್ ಚಕ್ರ (ಹೇರ್‌ಸ್ಪ್ರಿಂಗಿನ ಜೊತೆ ಆಚೀಚೆ ತಿರುಗುವ ಚಕ್ರ) ಮಾಡಿದರು. ಸೆಖೆಗೆ ಹೇರ್‌ಸ್ಪ್ರಿಂಗ್ ಸಡಿಲವಾದಾಗ ಚಕ್ರದ ಅಂಚು ಒಳಕ್ಕೆ ಬಾಗಿ ಆ ನಷ್ಟವನ್ನು ತುಂಬಿಕೊಡುತ್ತದೆ. ಬಹಳ ಜಾಣತನದ ಕೆಲಸ. ಆದರೆ ನಮ್ಮ ಕರಾವಳಿಯಲ್ಲಿ ಉಷ್ಣಾಂಶ ವರ್ಷವಿಡೀ ಹೆಚ್ಚುಕಡಿಮೆ 20ರಿಂದ 36 ಡಿಗ್ರಿಯೊಳಗೇ ಇರುತ್ತದೆ. ಆ ಜಾಣತನಕ್ಕೆ ಇಲ್ಲಿ ಅರ್ಧ ಕೆಲಸವೂ ಇಲ್ಲ. ಇಲ್ಲಿರುವ ಶತ್ರು ತೇವ. ವರ್ಷಕ್ಕೆ 3000 ಮಿಲಿಮೀಟರ್ ಮೀರಿ ಮಳೆ ಸುರಿಯುವ, ಆಟಿ ತಿಂಗಳಲ್ಲಿ ಕಪಾಟಿನ ಚರ್ಮದ ಚಪ್ಪಲಿಗೂ ಬೂಷ್ಟು ಹಿಡಿಯುವ ಊರು ನಮ್ಮದು. ಕೂದಲಿಗಿಂತ ತೆಳ್ಳಗಿನ ನೀಲಿ ಉಕ್ಕಿನ ಸ್ಪ್ರಿಂಗಿನ ಮೇಲೆ ಒಂದು ತುಕ್ಕಿನ ಚುಕ್ಕೆ ಬಿದ್ದರೆ, ಲಂಡನ್ನಿನ ಅತಿ ಶ್ರೇಷ್ಠ ಕುಶಲಿಗ ಹೊಂದಿಸಿದ ಗಡಿಯಾರವೂ ತನ್ನ ನಿಖರತೆಯನ್ನು ಕಳೆದುಕೊಳ್ಳುತ್ತದೆ. ಪಶ್ಚಿಮದ ಕೈಪಿಡಿಗಳು ಈ ಮಾತಿಗೆ ಕೊಡುವ ಜಾಗ ಕಡಿಮೆ. ಅವುಗಳನ್ನು ಓದಿ ಕೊಳ್ಳುವವರಿಗೆ ಮೊದಲ ಮಳೆಗಾಲ ಕಳೆದ ಮೇಲೆ ತಿಳಿಯುತ್ತದೆ.

ಹೋಲಿಕೆಗೆ ಮೊದಲು ನಿಖರತೆ ಎಂದರೆ ಎಷ್ಟು ಎಂದು ತಿಳಿದಿರಲಿ. ಈ ಕಾಲದ ಬಹುಪಾಲು ಒಳ್ಳೆಯ ಗಡಿಯಾರಗಳು ಸೆಕೆಂಡಿಗೆ 5 ಸಲ, ಅಂದರೆ ದಿನಕ್ಕೆ 4,32,000 ಸಲ ಟಿಕ್ ಎನ್ನುತ್ತವೆ. ದಿನಕ್ಕೆ 4 ಸೆಕೆಂಡು ತಪ್ಪಿದರೂ ಅದು 21,600ರಲ್ಲಿ ಒಂದು ಪಾಲಿನ ತಪ್ಪು. ಅಂಗೈಯೊಳಗೆ ಹಿಡಿಸುವ, ವಿದ್ಯುತ್ತಿಲ್ಲದ, ನೂರು ವರ್ಷ ಹಳೆಯ ಯಂತ್ರವೊಂದು ಇದನ್ನು ಸಾಧಿಸುತ್ತದೆ ಎಂಬುದೇ ನನ್ನನ್ನು ಈ ಹವ್ಯಾಸಕ್ಕೆ ಕಟ್ಟಿಹಾಕಿರುವ ಸಂಗತಿ.

ಅಮೆರಿಕದ ರೈಲ್ವೆ ಗಡಿಯಾರ

1891ರ ಏಪ್ರಿಲ್‌ನಲ್ಲಿ ಒಹಾಯೊ ರಾಜ್ಯದ ಕಿಪ್ಟನ್ ಎಂಬಲ್ಲಿ ಎರಡು ರೈಲುಗಳು ಡಿಕ್ಕಿ ಹೊಡೆದವು. ಚಾಲಕನೊಬ್ಬನ ಗಡಿಯಾರ ನಾಲ್ಕು ನಿಮಿಷ ನಿಂತು ಮತ್ತೆ ನಡೆಯತೊಡಗಿದ್ದೇ ಇದಕ್ಕೆ ಕಾರಣ ಎಂಬ ಮಾತು ಪ್ರಸಿದ್ಧ. ಆ ಬಳಿಕ ಕ್ಲೀವ್‌ಲ್ಯಾಂಡಿನ ಆಭರಣ ವ್ಯಾಪಾರಿ ವೆಬ್ ಸಿ. ಬಾಲ್ ರೈಲ್ವೆಗಳಿಗೆ ಗಡಿಯಾರ ತಪಾಸಣೆಯ ವ್ಯವಸ್ಥೆಯನ್ನು ರೂಪಿಸಿದರು. 1893ರಿಂದ ಜಾರಿಗೆ ಬಂದ ನಿಯಮಗಳು ಕಟ್ಟುನಿಟ್ಟಾಗಿದ್ದವು. ಡಯಲ್‌ನ ಮೇಲೆ ಮುಚ್ಚಳ ಇರಬಾರದು, ಅಂಕೆಗಳು ದಪ್ಪವಾಗಿ ಸ್ಪಷ್ಟವಾಗಿರಬೇಕು, ಕನಿಷ್ಠ 17 ಜ್ಯುವೆಲ್ (ಸವೆತ ತಡೆಯಲು ಯಂತ್ರದೊಳಗೆ ಕೂರಿಸುವ ಹರಳು) ಇರಬೇಕು, ಮಲಗಿಸಿ, ನಿಲ್ಲಿಸಿ ಹೀಗೆ ಐದು ಭಂಗಿಗಳಲ್ಲಿ ಹೊಂದಿಸಿರಬೇಕು, ವಾರಕ್ಕೆ 30 ಸೆಕೆಂಡಿಗಿಂತ ಹೆಚ್ಚು ತಪ್ಪಬಾರದು. ಹೀಗೆ ನಿಯಮದ ಒತ್ತಡದಲ್ಲಿ ಹುಟ್ಟಿದ ಕಾರಣಕ್ಕೇ ಈ ಗಡಿಯಾರಗಳು ಲಕ್ಷಗಟ್ಟಲೆ ತಯಾರಾದವು, ಒಂದೇ ಅಚ್ಚಿನಲ್ಲಿ ತಯಾರಾದವು, ಇಂದಿಗೂ ಸಿಗುತ್ತವೆ.

ಹ್ಯಾಮಿಲ್ಟನ್ 992, ವಾಲ್ತಮ್ ವ್ಯಾನ್‌ಗಾರ್ಡ್, ಎಲ್ಜಿನ್ ಬಿ. ಡಬ್ಲ್ಯೂ. ರೇಮಂಡ್, ಇಲಿನಾಯ್ ಬನ್ ಸ್ಪೆಷಲ್, ಇವು ಹುಡುಕಬೇಕಾದ ಹೆಸರುಗಳು. ಬಾಲ್ ಹೆಸರಿನ ಗಡಿಯಾರಗಳಿಗೆ ಹೆಚ್ಚು ಬೆಲೆ ಕೇಳುತ್ತಾರೆ. ಆದರೆ ಬಾಲ್ ಸ್ವತಃ ಗಡಿಯಾರ ತಯಾರಿಸಲಿಲ್ಲ, ಹ್ಯಾಮಿಲ್ಟನ್, ವಾಲ್ತಮ್ ಮುಂತಾದವರಿಂದ ಮಾಡಿಸಿ ತಮ್ಮ ಹೆಸರಿನಲ್ಲಿ ಮಾರಿದರು. ಯಂತ್ರ ಬೇಕಾದವರು ಹೆಸರಿಗೆ ಹೆಚ್ಚುವರಿ ಹಣ ಕೊಡಬೇಕಾಗಿಲ್ಲ.

ಈ ಗುಂಪಿನಲ್ಲಿ ನಮ್ಮ ಹವೆಗೆ ಎಲ್ಲಕ್ಕಿಂತ ಹೊಂದುವುದು 1940ರಿಂದ 1969ರವರೆಗೆ ತಯಾರಾದ ಹ್ಯಾಮಿಲ್ಟನ್ 992ಬಿ. ಅದರ ಹೇರ್‌ಸ್ಪ್ರಿಂಗ್ ಎಲಿನ್ವಾರ್ ಜಾತಿಯ ಮಿಶ್ರಲೋಹದ್ದು. ಉಷ್ಣಾಂಶ ಬದಲಾದರೂ ಬಿಗಿ ಬದಲಾಗದ ಈ ಲೋಹ ಸ್ವಿಸ್ ವಿಜ್ಞಾನಿ ಶಾರ್ಲ್ ಎದ್ವಾರ್ ಗಿಯೋಮ್ ಅವರ ಸಂಶೋಧನೆಯ ಫಲ. ನಿಕ್ಕಲ್-ಉಕ್ಕಿನ ಮಿಶ್ರಲೋಹಗಳ ಕೆಲಸಕ್ಕಾಗಿಯೇ ಅವರಿಗೆ 1920ರ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂದಿತು. ನಮಗೆ ಅದರಲ್ಲಿ ಸಿಗುವ ಲಾಭ ಇನ್ನೊಂದು. ನೀಲಿ ಉಕ್ಕಿನಷ್ಟು ಸುಲಭವಾಗಿ ಅದಕ್ಕೆ ತುಕ್ಕು ಹಿಡಿಯುವುದಿಲ್ಲ. ಮೊಬೈಲಿನ ಸ್ಪೀಕರು, ಅಯಸ್ಕಾಂತದ ಮುಚ್ಚಳವಿರುವ ಪರ್ಸುಗಳ ನಡುವೆ ಬದುಕುವ ನಮಗೆ ಅಯಸ್ಕಾಂತದ ಕಾಟವೂ ಅದರಲ್ಲಿ ಕಡಿಮೆ. 992ಬಿಯನ್ನು ಗುರುತಿಸುವುದು ಸುಲಭ: ಯಂತ್ರದ ಮೇಲಿನ ಕ್ರಮಸಂಖ್ಯೆ 'ಸಿ' ಅಕ್ಷರದಿಂದ ಶುರುವಾಗುತ್ತದೆ. ನೂರು ವರ್ಷ ಆಗದ ಕಾರಣ ಇದನ್ನು ನಿಜವಾದ ಪ್ರಾಚೀನ ವಸ್ತು ಎಂದು ಒಪ್ಪದವರಿದ್ದಾರೆ. ನನಗೆ ಆ ವಾದ ರುಚಿಸುವುದಿಲ್ಲ. ಕಿಪ್ಟನ್ ಅಪಘಾತದಿಂದ ಶುರುವಾದ ಪರಂಪರೆಯ ಕೊನೆಯ, ಪಕ್ವವಾದ ಫಲ ಅದು.

ಕೇಸಿನ ವಿಷಯದಲ್ಲೂ ಅಮೆರಿಕದ್ದೇ ಮೇಲು. ಹಿಂಬದಿಯೂ ಮುಂಭಾಗದ ಗಾಜಿನ ಉಂಗುರವೂ ಉಪ್ಪಿನಕಾಯಿ ಭರಣಿಯ ತಿರುಪಿನ ಮುಚ್ಚಳದಂತೆ ತಿರುಗಿಸಿ ಬಿಗಿಯುವಂಥವು. ನೀರು ತಡೆಯುವುದಿಲ್ಲ, ಆದರೆ ಧೂಳನ್ನೂ ಒದ್ದೆ ಗಾಳಿಯನ್ನೂ ಕೀಲು ಬಾಗಿಲಿನ ಕೇಸಿಗಿಂತ ಚೆನ್ನಾಗಿ ಹೊರಗಿಡುತ್ತವೆ.

ಇವುಗಳ ಸಮಯ ಸರಿಪಡಿಸುವ ಕ್ರಮವನ್ನು ಕೊಳ್ಳುವ ಮೊದಲೇ ಕಲಿಯಿರಿ. ತಲೆಯ ಕಿರೀಟವನ್ನು ಎಳೆದರೆ ಮುಳ್ಳು ತಿರುಗುವುದಿಲ್ಲ. ಜೋರಾಗಿ ಎಳೆದರೆ ಒಳಗಿನ ಕಡ್ಡಿ ಹಾಳಾಗುತ್ತದೆ. ಮುಂಭಾಗದ ಗಾಜಿನ ಉಂಗುರವನ್ನು ಎಡಕ್ಕೆ ತಿರುಗಿಸಿ ತೆಗೆಯಿರಿ. ಡಯಲ್‌ನ ಅಂಚಿನಲ್ಲಿ ಉಗುರಿನ ತುದಿಗೆ ಸಿಗುವಷ್ಟೇ ಸಣ್ಣ ಉಕ್ಕಿನ ನಾಲಿಗೆ ಕಾಣುತ್ತದೆ. ಅದನ್ನು ಮೆಲ್ಲಗೆ ಹೊರಗೆಳೆದರೆ ಕಿರೀಟಕ್ಕೂ ಮುಳ್ಳುಗಳಿಗೂ ಸಂಪರ್ಕ ಬರುತ್ತದೆ. ಸಮಯ ಹೊಂದಿಸಿ, ನಾಲಿಗೆಯನ್ನು ಒಳತಳ್ಳಿ, ಉಂಗುರವನ್ನು ಮತ್ತೆ ಬಿಗಿಯಿರಿ. ಕೀಲಿ ಕೊಡುವಾಗ ಕೈತಪ್ಪಿ ಮುಳ್ಳು ಸರಿಯಬಾರದು ಎಂಬ ಕಾರಣಕ್ಕೆ ರೈಲ್ವೆಯವರು ಇದನ್ನು ಕಡ್ಡಾಯ ಮಾಡಿದ್ದರು.

ಅಮೆರಿಕದ ಗಡಿಯಾರ ನೋಡುವಾಗ ಇನ್ನೆರಡು ಮಾತು ನೆನಪಿರಲಿ. ಅಲ್ಲಿ ಯಂತ್ರವನ್ನೂ ಕೇಸನ್ನೂ ಬೇರೆ ಬೇರೆಯಾಗಿ ಮಾರುತ್ತಿದ್ದರು. ಗಿರಾಕಿ ಅಂಗಡಿಯಲ್ಲಿ ಎರಡನ್ನೂ ಆರಿಸಿ ಕೂಡಿಸುತ್ತಿದ್ದ. ಹಾಗಾಗಿ ಕೇಸಿನ ಸಂಖ್ಯೆಯೂ ಯಂತ್ರದ ಸಂಖ್ಯೆಯೂ ಹೊಂದದಿದ್ದರೆ ಗಾಬರಿ ಬೇಡ. ಕೇಸಿನ ಒಳಗೆ '20 ಇಯರ್ಸ್' ಅಥವಾ '25 ಇಯರ್ಸ್' ಎಂದು ಕೆತ್ತಿದ್ದರೆ ಅದು ಹೊರಗಿನ ಚಿನ್ನದ ಹೊದಿಕೆ ಅಷ್ಟು ವರ್ಷ ಸವೆಯುವುದಿಲ್ಲ ಎಂಬ ಭರವಸೆ. ಅದನ್ನು ಗಟ್ಟಿ ಚಿನ್ನದ ಬೆಲೆಗೆ ಯಾರಾದರೂ ತೂಗಿ ಕೊಡಲು ಬಂದರೆ ಎದ್ದು ಬನ್ನಿ.

ಇಂಗ್ಲಿಷ್ ಲಿವರ್

ಸೌಂದರ್ಯದಲ್ಲಿ ಇದಕ್ಕೆ ಸಾಟಿಯಿಲ್ಲ. ಇಂದಿನ ಬಹುಪಾಲು ಯಾಂತ್ರಿಕ ಕೈಗಡಿಯಾರ, ಜೇಬುಗಡಿಯಾರಗಳ ಮೂಲವಾದ, ಬ್ಯಾಲೆನ್ಸ್ ಚಕ್ರಕ್ಕೆ ಒಂದೊಂದೇ ತಳ್ಳು ಕೊಡುವ ಲಿವರ್ ವ್ಯವಸ್ಥೆಯನ್ನು 18ನೆಯ ಶತಮಾನದ ನಡುವಿನಲ್ಲಿ ಕಂಡುಹಿಡಿದವರು ಲಂಡನ್ನಿನ ಥಾಮಸ್ ಮಜ್. ಆಮೇಲಿನ ನೂರೈವತ್ತು ವರ್ಷ ಇಂಗ್ಲಿಷರು ಅದನ್ನು ಕೈಯಿಂದಲೇ ಪರಿಷ್ಕರಿಸುತ್ತ ಹೋದರು.

ಫ್ಯೂಸೀ ಇರುವ ಗಡಿಯಾರದ ಹಿಂಬದಿ ತೆರೆದು ಬದಿಯಿಂದ ನೋಡಿ. ಎರಡು ತಟ್ಟೆಗಳ ನಡುವೆ ಸೈಕಲ್ ಚೈನಿನ ರೂಪದ, ಆದರೆ ದಾರದಷ್ಟೇ ದಪ್ಪದ ಸರಪಳಿ. ಅದರ ಒಂದು ತುದಿ ಸ್ಪ್ರಿಂಗಿನ ಡಬ್ಬಿಗೆ, ಇನ್ನೊಂದು ತುದಿ ಶಂಕುವಿನಾಕಾರದ ಫ್ಯೂಸೀಗೆ. ಕೀಲಿ ಪೂರ್ತಿ ಕೊಟ್ಟಾಗ ಸ್ಪ್ರಿಂಗಿನ ಸೆಳೆತ ಜೋರು. ಆಗ ಸರಪಳಿ ಶಂಕುವಿನ ಕಿರಿದಾದ ತುದಿಯನ್ನು ಎಳೆಯುತ್ತಿರುತ್ತದೆ. ಸಂಜೆಯಾಗುತ್ತ ಸ್ಪ್ರಿಂಗ್ ದುರ್ಬಲವಾದಂತೆ ಸರಪಳಿ ಅಗಲದ ಕಡೆಗೆ ಇಳಿದು, ಸನ್ನೆಯ ಬಲದಿಂದ ಆ ಕೊರತೆಯನ್ನು ತುಂಬುತ್ತದೆ. ಒಂದೊಂದು ಕೊಂಡಿಯನ್ನೂ ಕೈಯಲ್ಲೇ ಜೋಡಿಸಿದ್ದು. ಇಂಗ್ಲೆಂಡಿನ ಕ್ರೈಸ್ಟ್‌ಚರ್ಚ್ ಎಂಬ ಪಟ್ಟಣದಲ್ಲಿ ಹೆಂಗಸರೂ ಮಕ್ಕಳೂ ಕಣ್ಣು ಸವೆಸಿಕೊಂಡು ಈ ಸರಪಳಿಗಳನ್ನು ಮಾಡುತ್ತಿದ್ದರು. ಐಗ್ಲಾಸಿನಲ್ಲಿ (ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ) ಅದನ್ನು ನೋಡುವಾಗ ಅವರ ನೆನಪಾಗದೆ ಇರುವುದಿಲ್ಲ.

ನಿಖರತೆಯ ಪುರಾವೆ ಬೇಕಾದವರು ಲಂಡನ್ ಬಳಿಯ ಕ್ಯೂ ವೀಕ್ಷಣಾಲಯದ ಪ್ರಮಾಣಪತ್ರವಿರುವ ಗಡಿಯಾರ ಹುಡುಕುತ್ತಾರೆ. 1884ರಿಂದ ಅಲ್ಲಿ ಗಡಿಯಾರಗಳನ್ನು 45 ದಿನ ಬೇರೆ ಬೇರೆ ಭಂಗಿ ಮತ್ತು ಉಷ್ಣಾಂಶಗಳಲ್ಲಿ ಪರೀಕ್ಷಿಸಿ ನೂರಕ್ಕೆ ಇಷ್ಟು ಎಂದು ಅಂಕ ಕೊಡುತ್ತಿದ್ದರು. 80 ಮೀರಿದವು 'ವಿಶೇಷವಾಗಿ ಉತ್ತಮ' ಎನಿಸಿಕೊಳ್ಳುತ್ತಿದ್ದವು. ಅಲ್ಲಿನ ಮೇಲು ದರ್ಜೆಯಾದ 'ಕ್ಯೂ ಎ' ಗಡಿಯಾರ ಪತ್ರದ ಸಮೇತ ಸಿಕ್ಕರೆ ಅದು ಸಂಗ್ರಹದ ಶಿಖರ. ಬೆಲೆಯೂ ಹಾಗೆಯೇ ಇರುತ್ತದೆ.

ಇಷ್ಟೆಲ್ಲ ಪ್ರೀತಿಯಿದ್ದರೂ ಕರಾವಳಿಯಲ್ಲಿ ಮೊದಲ ಗಡಿಯಾರವಾಗಿ ಇದನ್ನು ಕೊಳ್ಳಬೇಡಿ ಎನ್ನುತ್ತೇನೆ. ಕೀಲಿಕೈ ಹಾಕುವ ತೂತು, ಕೀಲಿನ ಮೇಲೆ ತೆರೆಯುವ ಬಾಗಿಲು, ಎಲ್ಲ ಕಡೆಯಿಂದಲೂ ಒದ್ದೆ ಗಾಳಿಗೆ ದಾರಿ. ಹೇರ್‌ಸ್ಪ್ರಿಂಗ್ ನೀಲಿ ಉಕ್ಕು, ಸರಪಳಿಯೂ ಉಕ್ಕು. ಸರಪಳಿಯ ಒಂದು ಕೊಂಡಿಗೆ ತುಕ್ಕು ಹಿಡಿದರೆ ಅದು ತುಂಡಾಗುವುದು ಕೀಲಿ ಕೊಡುವ ಹೊತ್ತಿನಲ್ಲೇ. ಮೇಲಾಗಿ, ಬ್ಯಾಲೆನ್ಸಿನ ಅಚ್ಚು ಮುರಿದರೆ ಅಮೆರಿಕದ ಗಡಿಯಾರಕ್ಕೆ ಸಿದ್ಧ ಅಚ್ಚು ಅಳತೆ ಹೇಳಿ ತರಿಸಬಹುದು; ಇಂಗ್ಲಿಷ್ ಗಡಿಯಾರಕ್ಕೆ ಕಡಚಲಿನಲ್ಲಿ ಹೊಸದಾಗಿ ಕಡೆಯಬೇಕು. ಆ ಕೆಲಸ ಬಲ್ಲ ಕೈಗಳು ಮಂಗಳೂರಿನಿಂದ ಕಣ್ಣೂರಿನವರೆಗೆ ಹುಡುಕಿದರೂ ಕಡಿಮೆಯಾಗುತ್ತಿವೆ. ನಮ್ಮ ಕಡೆಯ ಹಿರಿಯ ರಿಪೇರಿಯವರು ಎಚ್‌ಎಂಟಿ ಗಡಿಯಾರಗಳಲ್ಲಿ ಕೈ ಪಳಗಿಸಿಕೊಂಡವರು. ಅವರ ಕೌಶಲ ಅಮೆರಿಕದ ಮತ್ತು ಸ್ವಿಸ್ ಗಡಿಯಾರಗಳಿಗೆ ಸಾಕು. ಫ್ಯೂಸೀ ಬಿಚ್ಚಲು ಬೇರೆಯೇ ಅಭ್ಯಾಸ ಬೇಕು.

ಮದರಾಸು ಪ್ರಾಂತ್ಯದ ಸ್ವಿಸ್ ಗಡಿಯಾರಗಳು

1956ಕ್ಕೆ ಮೊದಲು ಕಾಸರಗೋಡು ಮದರಾಸಿಗೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಹಾಗಾಗಿ ನಮ್ಮ ಬೀಡು, ಗುತ್ತು, ಪಟೇಲರ ಮನೆಗಳ ಪೆಟ್ಟಿಗೆಯಿಂದ ಹೊರಬರುವ ಗಡಿಯಾರಗಳ ಡಯಲ್ ಮೇಲೆ ಮದರಾಸಿನ ಪಿ. ಓರ್ ಅಂಡ್ ಸನ್ಸ್ ಎಂಬ ಹೆಸರು ಇದ್ದರೆ ಆಶ್ಚರ್ಯವಿಲ್ಲ. ಮುಂಬಯಿಯ ವೆಸ್ಟ್ ಎಂಡ್, ಫಾವ್ರ್-ಲ್ಯೂಬಾ ಹೆಸರುಗಳೂ ದೇಶದ ಉದ್ದಗಲಕ್ಕೆ ಹರಡಿದ್ದವು. ಡಯಲ್ ಮೇಲಿರುವುದು ಬಹಳ ಸಲ ಮಾರಿದವರ ಹೆಸರು. ಯಂತ್ರ ಮಾಡಿದವರನ್ನು ತಿಳಿಯಲು ಹಿಂಬದಿ ತೆರೆಯಲೇಬೇಕು. ವೆಸ್ಟ್ ಎಂಡ್ ಹೆಸರಿನ ಕೆಲವು ಗಡಿಯಾರಗಳೊಳಗೆ ಲಾಂಜೀನ್ಸ್ ಯಂತ್ರವಿರುತ್ತದೆ. ಅದನ್ನು ಗುರುತಿಸಬಲ್ಲವರಿಗೆ ಒಳ್ಳೆಯ ವ್ಯಾಪಾರ.

15 ಜ್ಯುವೆಲ್‌ನ ಸ್ವಿಸ್ ಲಿವರ್, ಚೆನ್ನಾಗಿ ಸರ್ವಿಸ್ ಆಗಿದ್ದರೆ, ದಿನನಿತ್ಯದ ಬಳಕೆಗೆ ಧಾರಾಳ. ಅಮೆರಿಕದ್ದಕ್ಕಿಂತ ತೆಳ್ಳಗೆ, ಹಗುರ. ಅಂಗಿಯ ಎದೆಜೇಬಿನಲ್ಲಿ ಜೋತು ಬೀಳುವುದಿಲ್ಲ. ಒಮೆಗಾ, ಜೆನಿತ್, ಲಾಂಜೀನ್ಸ್ ಯಂತ್ರಗಳು ನಮ್ಮ ರಿಪೇರಿಯವರಿಗೆ ಪರಿಚಿತ. ಕೇಸು ಕೀಲಿನದ್ದಾದರೂ ಒಳ್ಳೆಯ ಸ್ಥಿತಿಯಲ್ಲಿದ್ದರೆ ಟಕ್ ಎಂದು ಬಿಗಿಯಾಗಿ ಮುಚ್ಚುತ್ತದೆ. ಸಡಿಲವಾಗಿ ಮುಚ್ಚಿದರೆ ಬಿಟ್ಟುಬಿಡಿ. ಬೆಳ್ಳಿಯ ಕೇಸಿನಲ್ಲಿ ಮೂರು ಕರಡಿಗಳ ಮುದ್ರೆ ಇದ್ದರೆ ಸಾವಿರಕ್ಕೆ 935 ಪಾಲು ಬೆಳ್ಳಿ, ಹಕ್ಕಿಯ ಮುದ್ರೆಯಾದರೆ 800. 'ಅಲ್ಪಾಕಾ' ಎಂದು ಬರೆದಿದ್ದರೆ ಅದರಲ್ಲಿ ಬೆಳ್ಳಿಯೇ ಇಲ್ಲ. ಸ್ವಿಸ್ ಮತ್ತು ಇಂಗ್ಲಿಷ್ ಗಡಿಯಾರಗಳಲ್ಲಿ ಕೇಸು, ಯಂತ್ರಗಳ ಸಂಖ್ಯೆ ಸಾಮಾನ್ಯವಾಗಿ ಒಂದಕ್ಕೊಂದು ತಾಳೆಯಾಗಬೇಕು. ಅಮೆರಿಕದ ಗಡಿಯಾರಕ್ಕೆ ಕೊಟ್ಟ ರಿಯಾಯಿತಿಯನ್ನು ಇಲ್ಲಿ ಕೊಡಬೇಡಿ.

ಒಂದು ಜಾತಿಯ ಬಗ್ಗೆ ಮಾತ್ರ ಎಚ್ಚರ. ಹಿಂಬದಿಯಲ್ಲಿ ರೈಲು ಎಂಜಿನ್ನಿನ ಚಿತ್ರ, ಡಯಲ್ ಮೇಲೆ 'ರೈಲ್ವೆ ರೆಗ್ಯುಲೇಟರ್' ಎಂದೋ 'ರಾಸ್ಕಾಫ್' ಎಂದೋ ಬರಹ. 1867ರಲ್ಲಿ ರಾಸ್ಕಾಫ್ ಎಂಬವರು ಕಾರ್ಮಿಕರಿಗೂ ಕೈಗೆಟುಕಲಿ ಎಂದು ರೂಪಿಸಿದ ಅಗ್ಗದ ಗಡಿಯಾರದ ವಂಶ ಇದು. ಹರಳಿನ ಬದಲು ಉಕ್ಕಿನ ಕಡ್ಡಿಗಳ ಮೇಲೆ ನಡೆಯುತ್ತದೆ. ಆ ಉದ್ದೇಶ ಗೌರವಕ್ಕೆ ಅರ್ಹ, ಆದರೆ ನಿಖರ ಗಡಿಯಾರ ಎಂದು ಮಾರುವವರಿಗೆ ಆ ಬೆಲೆ ಕೊಡಬೇಕಾಗಿಲ್ಲ.

ಉಳಿದವು ಎರಡು. ಜರ್ಮನಿಯ ಗ್ಲಾಸ್‌ಹ್ಯೂಟೆಯಲ್ಲಿ 1845ರಿಂದ ಲಾಂಗೆ ಮನೆತನ ಮಾಡಿದ ಗಡಿಯಾರಗಳು ಅದ್ಭುತ, ಆದರೆ ಬೆಲೆ ನಮ್ಮಂಥವರಿಗೆ ದೂರ. ಇನ್ನೊಂದು ರಷ್ಯಾದ ಚೆಲ್ಯಾಬಿನ್ಸ್ಕ್ ನಗರದ ಮೊಲ್ನಿಯಾ: 18 ಜ್ಯುವೆಲ್, ಗಟ್ಟಿಮುಟ್ಟು, ಅಗ್ಗ. ಪುರಾತನವಲ್ಲ. ಕೀಲಿ ಕೊಡುವ, ದಿನವೂ ತಪ್ಪು ಬರೆದಿಡುವ ಅಭ್ಯಾಸ ಬೆಳೆಸಿಕೊಳ್ಳಲು ಒಳ್ಳೆಯದು.

ಕೈಯಲ್ಲಿ ಹಿಡಿದು ನೋಡುವಾಗ

ಹಿಂಬದಿ ತೆರೆಸಿ. ಐಗ್ಲಾಸ್ ಇಲ್ಲದೆ ಹೋಗಬೇಡಿ. ಹೇರ್‌ಸ್ಪ್ರಿಂಗಿನ ಸುರುಳಿಗಳ ನಡುವಿನ ಅಂತರ ಸಮನಾಗಿರಬೇಕು. ಒಂದು ಕಡೆ ಒತ್ತಿಕೊಂಡಿದ್ದರೆ ಯಾರೋ ಕೈ ಹಾಕಿ ಕೆಡಿಸಿದ್ದಾರೆ. ನೀಲಿ ಬಣ್ಣದ ನಡುವೆ ಕಂದು ಚುಕ್ಕೆಗಳಿದ್ದರೆ ತುಕ್ಕು. ತಿರುಪುಗಳ ತಲೆ ನೋಡಿ: ಸೀಳು ಚೂಪಾಗಿ ಉಳಿದಿದ್ದರೆ ಒಳ್ಳೆಯ ಕೈಗಳು ಬಿಚ್ಚಿವೆ, ಅಂಚು ಕಿತ್ತಿದ್ದರೆ ಅವಸರದ ಕೈಗಳು. ತಟ್ಟೆಯ ಮೇಲೆ ಬೆರಳಚ್ಚಿನ ಆಕಾರದಲ್ಲಿಯೇ ಕಪ್ಪು ಕಲೆ ಕಂಡರೆ, ಬೆವರಿದ ಬೆರಳಿನ ಉಪ್ಪು ಅಲ್ಲಿ ವರ್ಷಗಳಿಂದ ಕೆಲಸ ಮಾಡುತ್ತಿದೆ ಎಂದರ್ಥ. ಎನಾಮೆಲ್ ಡಯಲ್‌ನ ಕೂದಲೆಳೆಯ ಬಿರುಕನ್ನು ನಾನು ಕ್ಷಮಿಸುತ್ತೇನೆ, ಹೊಸದಾಗಿ ಬಣ್ಣ ಬಳಿದ ಡಯಲನ್ನು ಕ್ಷಮಿಸುವುದಿಲ್ಲ. ಕತ್ತಲಲ್ಲಿ ಹೊಳೆಯಲೆಂದು ರೇಡಿಯಂ ಬಣ್ಣ ಬಳಿದ ಡಯಲ್‌ಗಳಿದ್ದರೆ ಗಾಜು ತೆರೆಯಲು ಹೋಗಬೇಡಿ. ಹೊಳಪು ಆರಿದ್ದರೂ ವಿಕಿರಣ ಆರಿರುವುದಿಲ್ಲ.

ಮಾರುವವರು ಒಪ್ಪಿದರೆ ಎರಡು ದಿನ ಇಟ್ಟುಕೊಂಡು ಪರೀಕ್ಷಿಸಿ. ಒಂದು ದಿನ ಡಯಲ್ ಮೇಲಾಗಿ ಮಲಗಿಸಿ, ಮರುದಿನ ಕಿರೀಟ ಮೇಲಾಗಿ ತೂಗುಹಾಕಿ, ಮೊಬೈಲಿನ ಸಮಯದೊಂದಿಗೆ ತಾಳೆ ನೋಡಿ. ದಿನಕ್ಕೆ ಒಂದು ನಿಮಿಷ ಮುಂದೆ ಓಡುವುದು ಅಷ್ಟು ದೊಡ್ಡ ದೋಷವಲ್ಲ, ಹೊಂದಿಸಬಹುದು. ಎರಡು ಭಂಗಿಗಳ ನಡುವೆಯೇ ಅರ್ಧ ನಿಮಿಷದ ವ್ಯತ್ಯಾಸ ಬಂದರೆ ಅಚ್ಚು ಸವೆದಿದೆ ಅಥವಾ ಚಕ್ರದ ತೂಕ ತಪ್ಪಿದೆ. ಅದಕ್ಕೆ ಹಣ ಬೇಕು. ಟಿಕ್ ಸದ್ದಿನಿಂದ ವೇಗ ಅಳೆಯುವ ಮೊಬೈಲ್ ಆ್ಯಪ್‌ಗಳೂ ಈಗ ಇವೆ, ಮೊದಲ ಅಂದಾಜಿಗೆ ಸಾಕು.

ಕೊನೆಗೆ ಆಯ್ಕೆ. ಒಂದೇ ಒಂದು ಕೊಳ್ಳುವವರು, ಅದನ್ನು ನಿಜವಾಗಿ ಬಳಸುವವರು, ಹ್ಯಾಮಿಲ್ಟನ್ 992ಬಿ ಕೊಳ್ಳಲಿ. ಆನ್‌ಲೈನ್‌ನಲ್ಲಿ ತರಿಸುವುದಾದರೆ ಸಾಗಣೆ, ಸುಂಕ, ಇಲ್ಲಿಗೆ ಬಂದ ಮೇಲೆ ಒಂದು ಸರ್ವಿಸ್ ಸೇರಿಸಿಯೇ ಲೆಕ್ಕ ಹಾಕಲಿ. ಮನೆಯಲ್ಲೇ ಅಜ್ಜನ ಕಾಲದ ಸ್ವಿಸ್ ಲಿವರ್ ಇದ್ದರೆ ಮೊದಲು ಅದನ್ನು ಸರಿಪಡಿಸಿ. ಹೊರಗಿನಿಂದ ತಂದ ಯಾವುದಕ್ಕೂ ಆ ಮನೆಯ ಚರಿತ್ರೆ ಇರುವುದಿಲ್ಲ. ಇಂಗ್ಲಿಷ್ ಫ್ಯೂಸೀ ಎರಡು ಮೂರು ಮಳೆಗಾಲ ಗಡಿಯಾರ ಕಾಪಾಡಿ ಅನುಭವವಿರುವವರಿಗೆ.

ಕಾಪಾಡುವುದು ಕಷ್ಟವಲ್ಲ. ಗಾಳಿಯಾಡದ ಸ್ಟೀಲ್ ಅಥವಾ ಪ್ಲಾಸ್ಟಿಕ್ ಡಬ್ಬಿ, ಒಳಗೆ ಬಣ್ಣ ಬದಲಿಸುವ ಸಿಲಿಕಾ ಜೆಲ್, ಪ್ರತಿ ಗಡಿಯಾರಕ್ಕೂ ಒಗೆದು ಒಣಗಿಸಿದ ಹತ್ತಿಬಟ್ಟೆಯ ಚೀಲ. ಚರ್ಮದ ಚೀಲ ಬೇಡ, ಅದು ತೇವ ಹೀರುತ್ತದೆ. ರಬ್ಬರ್ ಬ್ಯಾಂಡ್ ಬೇಡ, ಬೆಳ್ಳಿ ಕಪ್ಪಾಗುತ್ತದೆ. ಜೆಲ್ ಬಣ್ಣ ಬದಲಿಸಿದಾಗ ಬಿಸಿಮಾಡಿ ಮತ್ತೆ ಬಳಸಬಹುದು. ಜೇಬಿನಲ್ಲಿಟ್ಟು ತೋಟಕ್ಕೆ ಹೋಗುವವರು ಸರಪಳಿ ಹಾಕದೆ ಹೋಗಬೇಡಿ. ಅಡಕೆ ಹೆಕ್ಕಲು ಬಗ್ಗಿದಾಗ ಎದೆಜೇಬಿನಿಂದ ಜಾರಿ ಕಲ್ಲಿನ ಮೇಲೆ ಬಿದ್ದರೆ ಬ್ಯಾಲೆನ್ಸಿನ ಅಚ್ಚು ಉಳಿಯುವುದಿಲ್ಲ; ಈ ಗಡಿಯಾರಗಳಲ್ಲಿ ಹೆಚ್ಚಿನವಕ್ಕೆ ಆಘಾತ ತಡೆಯುವ ಏರ್ಪಾಡಿಲ್ಲ.

ಗಲ್ಫಿನಲ್ಲಿ ಮಕ್ಕಳಿರುವ ಮನೆಗಳು ನಮ್ಮಲ್ಲಿ ಬಹಳ. ಅಜ್ಜನ ಗಡಿಯಾರವನ್ನು ಮೊಮ್ಮಗನಿಗೆಂದು ವಿಮಾನದಲ್ಲಿ ಕಳುಹಿಸುವ ಮುನ್ನ ಒಂದು ಕಾನೂನು ತಿಳಿದಿರಲಿ. 1972ರ ಪ್ರಾಚೀನ ವಸ್ತುಗಳ ಕಾಯಿದೆಯ ಪ್ರಕಾರ ನೂರು ವರ್ಷ ಮೀರಿದ ಇಂಥ ಕುಶಲ ವಸ್ತುಗಳನ್ನು ಖಾಸಗಿಯವರು ದೇಶದ ಹೊರಗೆ ಒಯ್ಯುವಂತಿಲ್ಲ. ಅಷ್ಟು ಹಳೆಯದಲ್ಲ ಎಂದಾದರೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಆ ಬಗ್ಗೆ ಪ್ರಮಾಣಪತ್ರ ಪಡೆಯುವ ದಾರಿಯಿದೆ. ಯಂತ್ರದ ಕ್ರಮಸಂಖ್ಯೆಯಿಂದ ತಯಾರಾದ ವರ್ಷವನ್ನು ಮೊದಲೇ ತಿಳಿದು ಬರೆದಿಟ್ಟುಕೊಂಡಿದ್ದರೆ ಆ ಅರ್ಜಿ ಹಾಕುವುದು ಸುಲಭವಾಗುತ್ತದೆ.